ಯೆಜ್ಡಿಗೆ ನಾನೇ ರೂಪಿಸಿದ ಸರ್ಕ್ಯೂಟ್ ಬೋರ್ಡ್

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಬೈಕುಗಳನ್ನು ತಯಾರಿಸಿತು. ಅಲ್ಲಿ ಹುಟ್ಟಿದ, ನನ್ನ ತಂದೆಯವರು ಓಡಿಸುತ್ತಿದ್ದ 6 ವೋಲ್ಟಿನ ಯೆಜ್ಡಿಯನ್ನು ಬಿಚ್ಚಿ ಹೊಸದಾಗಿ ಕಟ್ಟುವಾಗ ಡೈನಮೊ ತೆಗೆದು 12 ವೋಲ್ಟಿನ ಮ್ಯಾಗ್ನೆಟೊ ಕೂರಿಸಿದೆ. ಹಳೆಯ ವೈರಿಂಗ್ ಯಾವುದಕ್ಕೂ ಒದಗದಂತಾಗಿದ್ದರಿಂದ ಹೆಡ್‌ಲೈಟ್, ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟುಗಳನ್ನೆಲ್ಲ ಒಂದೇ ಬೋರ್ಡಿನಿಂದ ನಡೆಸಬೇಕೆಂದು ನಿರ್ಧರಿಸಿದೆ.

ಸರ್ಕ್ಯೂಟಿನ ನಕ್ಷೆಯನ್ನು ಬೋರ್ಡ್ ವಿನ್ಯಾಸದ ಸಾಫ್ಟ್‌ವೇರ್ ಆದ ಕೈಕ್ಯಾಡ್‌ನಲ್ಲಿ ಬರೆಯಲು ಎರಡು ಸಂಜೆ ಸಾಕಾಯಿತು. ತಿಂಗಳುಗಟ್ಟಲೆ ಹಿಡಿದದ್ದು ಉಳಿದ ಕೆಲಸ. ಪಕ್ಕದ ಟೂಲ್ ಬಾಕ್ಸಿನ ಒಳಗೆ ಬೋರ್ಡ್ ಕೂರಬೇಕಾಗಿದ್ದುದರಿಂದ ಮೊದಲು ರಟ್ಟನ್ನು ಕತ್ತರಿಸಿ, ಮುಚ್ಚಳ ಸರಿಯಾಗಿ ಮುಚ್ಚುವವರೆಗೂ ಅದರ ಅಂಚುಗಳನ್ನು ಸವರಿ, ಆ ರಟ್ಟಿನ ಆಕಾರವನ್ನೇ ಕಂಪ್ಯೂಟರಿಗೆ ಇಳಿಸಿದೆ.

ಬೈಕಿನಲ್ಲಿ ದೀಪಗಳ ಅರ್ಥ್ ಚಾಸಿಯ ಮೂಲಕ ಹಿಂದಿರುಗುತ್ತದೆ. ಹಾಗಾಗಿ ಸ್ವಿಚ್ ಮಾಡುವ ಕೆಲಸ ಪಾಸಿಟಿವ್ ಕಡೆಯಲ್ಲೇ ನಡೆಯಬೇಕು. ವಿದ್ಯುತ್ಕಾಂತದಿಂದ ತೆರೆದು ಮುಚ್ಚುವ ಸ್ವಿಚ್‌ಗಳಾದ ರಿಲೇಗಳನ್ನು ಹಾಕಬಹುದಿತ್ತು, ಆದರೆ ಎರಡು ಸ್ಟ್ರೋಕಿನ ಒಂಟಿ ಸಿಲಿಂಡರ್ ಕೊಡುವ ಕಂಪನವನ್ನು ರಿಲೇಯ ಕಾಂಟ್ಯಾಕ್ಟುಗಳು ವರ್ಷಗಟ್ಟಲೆ ತಾಳುತ್ತವೆಂದು ನನಗೆ ನಂಬಿಕೆ ಬರಲಿಲ್ಲ. ಶಾರ್ಟ್ ಆದರೆ ತಾನಾಗಿಯೇ ಬಂದ್ ಆಗುವ ಹೈ ಸೈಡ್ (ಪಾಸಿಟಿವ್ ಕಡೆಯ) ಸ್ವಿಚ್ ಚಿಪ್‌ಗಳನ್ನು ಆರಿಸಿಕೊಂಡೆ. ತಣ್ಣಗಿರುವ ಬಲ್ಬಿನ ಫಿಲಮೆಂಟ್ ಹೊತ್ತುವ ಕ್ಷಣದಲ್ಲಿ ಎಂದಿನ ಕರೆಂಟಿನ ಸುಮಾರು ಹತ್ತು ಪಟ್ಟು ಎಳೆಯುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಅವುಗಳ ಸಾಮರ್ಥ್ಯವನ್ನು ನಿಗದಿಪಡಿಸಿದೆ. ಬ್ಯಾಟರಿಯ ತಂತಿ ಸಡಿಲವಾದಾಗ ವೋಲ್ಟೇಜ್ ಒಮ್ಮೆಲೇ ಏರುವುದರಿಂದ, ಬೋರ್ಡಿನ ಬಾಗಿಲಲ್ಲೇ ಅದನ್ನು ಸುಮಾರು 29 ವೋಲ್ಟಿಗೆ ತಡೆಯುವ ಟಿವಿಎಸ್ (ಟ್ರಾನ್ಸಿಯೆಂಟ್ ವೋಲ್ಟೇಜ್ ಸಪ್ರೆಸರ್) ಡಯೋಡನ್ನೂ, ಅದರ ಹಿಂದೆ 40 ವೋಲ್ಟಿನವರೆಗೆ ತಡೆದುಕೊಳ್ಳುವ ರೆಗ್ಯುಲೇಟರನ್ನೂ ಇಟ್ಟೆ.

ಬೋರ್ಡಿನ ಮೇಲೆ ಕರೆಂಟ್ ಹರಿಯುವ ತಾಮ್ರದ ಗೆರೆಗಳಾದ ಟ್ರೇಸ್‌ಗಳ ಅಗಲವನ್ನು ಅಂದಾಜಿನ ಮೇಲೆ ಬಿಡಬಾರದು. ಸಾಮಾನ್ಯ ಬೋರ್ಡಿನ 35 ಮೈಕ್ರಾನ್ ತಾಮ್ರದಲ್ಲಿ 8 ಆಂಪಿಯರ್ ಹರಿದು, ಬಿಸಿ 10 ಡಿಗ್ರಿಗಿಂತ ಹೆಚ್ಚು ಏರಬಾರದೆಂದರೆ, 5 ಮಿಲಿಮೀಟರಿಗಿಂತ ತುಸು ಹೆಚ್ಚು ಅಗಲ ಬೇಕು. ನನಗೆ ಅಷ್ಟು ಜಾಗವಿರಲಿಲ್ಲವಾದ್ದರಿಂದ ಬೋರ್ಡಿನ ಎರಡೂ ಮೈಗಳಲ್ಲಿ ತಾಮ್ರವನ್ನು ಹರಡಿ, ಸಾಲು ಸಾಲು ವಯಾಗಳಿಂದ (ಎರಡು ಮೈಗಳನ್ನು ಜೋಡಿಸುವ, ಒಳಗೆ ತಾಮ್ರ ಲೇಪಿಸಿದ ತೂತುಗಳಿಂದ) ಬೆಸೆದೆ.

ಮೊದಲ ಐದು ಬೋರ್ಡುಗಳು ಮನೆಗೆ ಬಂದ ದಿನ ನನಗಾದ ಸಂತೋಷ ಅರ್ಧ ಗಂಟೆಯೂ ಉಳಿಯಲಿಲ್ಲ. 12 ಪಿನ್ನಿನ ಕನೆಕ್ಟರನ್ನು ಹಿಡಿದು ನೋಡಿದಾಗ ಒಂದನೆಯ ಪಿನ್ ಇರಬೇಕಾದಲ್ಲಿ ಆರನೆಯದಿತ್ತು. ಕನೆಕ್ಟರಿನ ವಿವರಪತ್ರವಾದ ಡೇಟಾಶೀಟಿನ ಚಿತ್ರ ವೈರುಗಳು ಬಂದು ಸೇರುವ ಕಡೆಯಿಂದ ಬರೆದದ್ದು. ನಾನು ಅದನ್ನು ಬೋರ್ಡಿನ ಕಡೆಯಿಂದ ಬರೆದದ್ದೆಂದು ಓದಿದ್ದೆ. ಕನ್ನಡಿಯಲ್ಲಿ ಕಂಡಂತೆ ಎಲ್ಲವೂ ತಿರುವುಮುರುವಾಗಿ, ಬ್ಯಾಟರಿ ಬರುವ ಪಿನ್ನಿನಲ್ಲಿ ಹಾರ್ನ್ ಕುಳಿತಿತ್ತು. ಐದೂ ಬೋರ್ಡುಗಳು ಕೆಲಸಕ್ಕೆ ಬಾರದೆ ಹೋದವು. ಅಂದಿನಿಂದ ಬೋರ್ಡ್ ತಯಾರಕರಿಗೆ ಗರ್ಬರ್ ಫೈಲ್ (ಬೋರ್ಡಿನ ವಿನ್ಯಾಸದ ಫೈಲ್) ಕಳಿಸುವ ಮೊದಲು ಬೋರ್ಡಿನ ಚಿತ್ರವನ್ನು ನಿಜವಾದ ಅಳತೆಯಲ್ಲೇ ಕಾಗದದ ಮೇಲೆ ಮುದ್ರಿಸಿ, ರಟ್ಟಿಗೆ ಅಂಟಿಸಿ, ಸೂಜಿಯಿಂದ ತೂತು ಮಾಡಿ, ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತಂದ ಅಸಲಿ ಕನೆಕ್ಟರನ್ನು ಅದರಲ್ಲಿ ಚುಚ್ಚಿ, ಪ್ರತಿಯೊಂದು ಪಿನ್ನನ್ನೂ ಬೆರಳಿಟ್ಟು ಎಣಿಸುತ್ತೇನೆ.

ಐಡಿಯಲ್ ಜಾವಾದಲ್ಲೇ ದುಡಿದಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ನನ್ನ ಎರಡನೆಯ ಬೋರ್ಡನ್ನು ಕೈಯಲ್ಲಿ ಹಿಡಿದು, “ವೈರು ಎಲ್ಲಿ ಮುರಿಯುತ್ತೆ ಗೊತ್ತೇನಪ್ಪಾ? ಸೋಲ್ಡರ್ ಮುಗಿದ ಜಾಗದಲ್ಲಿ” ಎಂದರು. ಸೋಲ್ಡರ್ ಹೀರಿಕೊಂಡ ವೈರು ಕಡ್ಡಿಯಂತೆ ಬಿರುಸಾಗುತ್ತದೆ. ಅಲುಗಾಟವೆಲ್ಲ ಅದರ ಅಂಚಿನಲ್ಲಿ ಬಂದು ಸೇರುತ್ತದೆ. ಅವರ ಮಾತಿನಂತೆ ವೈರುಗಳನ್ನೆಲ್ಲ ಸೋಲ್ಡರ್ ಮಾಡದೆ, ಲೋಹದ ತುದಿಗಳಲ್ಲಿ ಒತ್ತಿ ಹಿಡಿಸಿ ಕ್ರಿಂಪ್ ಮಾಡಿದೆ. ನೆಟ್ಟಗೆ ನಿಂತಿದ್ದ ದೊಡ್ಡ ಕೆಪಾಸಿಟರನ್ನು ಅಡ್ಡ ಮಲಗಿಸಿ ಸಿಲಿಕೋನಿನಿಂದ ಅಂಟಿಸಿದೆ.

ಬಹಳ ಕಾಡಿದ್ದು ಇಗ್ನಿಷನ್ನಿನ ಗದ್ದಲ. ಮೇಜಿನ ಮೇಲೆ ಸರಿಯಾಗಿ ಮಿನುಗುತ್ತಿದ್ದ ಇಂಡಿಕೇಟರ್, ಬೈಕಿನಲ್ಲಿ ಆಕ್ಸಿಲರೇಟರ್ ತಿರುಗಿಸಿದೊಡನೆ ಆರಿಹೋಗುತ್ತಿತ್ತು. ಪ್ಲಗ್ಗಿನ ಒಂದೊಂದು ಕಿಡಿಯೂ ಹ್ಯಾಂಡಲ್ಲಿನಿಂದ ಬರುವ ಉದ್ದನೆಯ ಸ್ವಿಚ್ ವೈರುಗಳಲ್ಲಿ ಅಲೆಯೆಬ್ಬಿಸಿ, ಬೋರ್ಡನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್ ಚಿಪ್ಪಾದ ಮೈಕ್ರೊಕಂಟ್ರೋಲರನ್ನು ರೀಸೆಟ್ ಮಾಡುತ್ತಿತ್ತು. ಮೂರನೆಯ ಬೋರ್ಡಿನಲ್ಲಿ ಪ್ರತಿ ಸ್ವಿಚ್ ವೈರಿನ ಬಾಯಲ್ಲಿ 10 ಕಿಲೋಓಮ್ ರೆಸಿಸ್ಟರನ್ನೂ 100 ನ್ಯಾನೊಫ್ಯಾರಡ್ ಕೆಪಾಸಿಟರನ್ನೂ ಇಟ್ಟೆ. ಮನುಷ್ಯನ ಬೆರಳಿಗೆ ಒಂದು ಮಿಲಿಸೆಕೆಂಡಿನ ತಡ ತಿಳಿಯುವುದಿಲ್ಲ, ಕಿಡಿಯ ಗದ್ದಲ ಮಾತ್ರ ಅಲ್ಲೇ ಅಡಗುತ್ತದೆ. ದೀಪಗಳ ಅರ್ಥ್ ಮತ್ತು ಮೈಕ್ರೊಕಂಟ್ರೋಲರಿನ ಅರ್ಥ್ ಬ್ಯಾಟರಿಯ ಬಳಿ ಒಂದೇ ಜಾಗದಲ್ಲಿ ಸೇರುವಂತೆ ಮಾಡಿದೆ. ಪ್ಲಗ್ಗಿಗೆ 5 ಕಿಲೋಓಮ್ ರೆಸಿಸ್ಟರ್ ಇರುವ ಕ್ಯಾಪ್ ಹಾಕಿದೆ.

ಈಗ ಇಂಡಿಕೇಟರ್ ನಿಮಿಷಕ್ಕೆ 85 ಬಾರಿ ಮಿನುಗುತ್ತದೆ, ಎಂಜಿನ್ ಐಡಲಿನಲ್ಲಿದ್ದರೂ, ಚಾಮುಂಡಿ ಬೆಟ್ಟದ ಏರಿನಲ್ಲಿ ಪೂರ್ತಿ ಥ್ರಾಟಲ್ ತೆರೆದಿದ್ದರೂ.