ಅಪ್‌ಡೇಟ್ ಆದ ಮರುದಿನದಿಂದ ಕ್ರ್ಯಾಶ್ ಆಗತೊಡಗಿದ ಲ್ಯಾಪ್‌ಟಾಪ್: ಕಾರಣ ಹುಡುಕಿದ ನನ್ನ ಅನುಭವ

ವಿಂಡೋಸ್ 11ರ ಮಾಸಿಕ ಅಪ್‌ಡೇಟ್ ಅಳವಡಿಕೆಯಾದ ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪಿನ ಮುಚ್ಚಳ ತೆರೆದಾಗ ಪರದೆ ಕಪ್ಪಾಗಿಯೇ ಉಳಿಯಿತು. ಒಳಗೆ ಫ್ಯಾನ್ ತಿರುಗುತ್ತಿತ್ತು, ಕೀಲಿಮಣೆಯ ಬೆಳಕು ಹೊತ್ತಿತ್ತು, ಆದರೆ ಯಾವ ಕೀಲಿಯನ್ನು ಒತ್ತಿದರೂ ಯಂತ್ರ ಸ್ಪಂದಿಸಲಿಲ್ಲ. ಕೆಲವು ನಿಮಿಷಗಳ ಬಳಿಕ ನೀಲಿ ಪರದೆಯೊಂದು ಓದುವಷ್ಟರಲ್ಲಿ ಮಾಯವಾಗಿ, ಲ್ಯಾಪ್‌ಟಾಪ್ ತಾನಾಗಿಯೇ ಮರುಪ್ರಾರಂಭಗೊಂಡಿತು. ಹಿಂದಿನ ರಾತ್ರಿ ತೆರೆದಿಟ್ಟಿದ್ದ ದೀರ್ಘ ದಾಖಲೆಯಲ್ಲಿ ಉಳಿಸದೇ ಇದ್ದ ಭಾಗವೆಲ್ಲ ಹೋಗಿತ್ತು. ಅದೇ ಸಂಜೆ ಮತ್ತೊಮ್ಮೆ, ಮರುದಿನ ಎರಡು ಸಲ ಹೀಗೆಯೇ ಆಯಿತು.

ಯಾವುದನ್ನೂ ಮುಟ್ಟುವ ಮೊದಲು ಎರಡು ಕೆಲಸ ಮಾಡಿದೆ. ಕೆಲಸದ ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲಿಸಿಕೊಂಡೆ; ಡಿಸ್ಕಿನ ಮಾಹಿತಿಯನ್ನು ಗೂಢಲಿಪಿಯಲ್ಲಿ ಕಾಯುವ ಬಿಟ್‌ಲಾಕರ್‌ನ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು, ಎರಡು ಬಾರಿ ತಾಳೆ ನೋಡಿದೆ. ಫರ್ಮ್‌ವೇರ್ (ಯಂತ್ರದೊಳಗೇ ಇರುವ ಮೂಲ ತಂತ್ರಾಂಶ) ಬದಲಾದಾಗಲೋ ದುರಸ್ತಿಗಾಗಿ ಇರುವ ರಿಕವರಿ ಪರಿಸರಕ್ಕೆ ಹೋದಾಗಲೋ ಯಂತ್ರ ಈ ಕೀಯನ್ನು ಕೇಳಬಹುದು, ಆಗ ಅದು ಕೈಯಲ್ಲಿಲ್ಲದಿದ್ದರೆ ಡಿಸ್ಕ್ ಸುಸ್ಥಿತಿಯಲ್ಲಿದ್ದರೂ ಒಳಗಿರುವ ಮಾಹಿತಿ ನಮ್ಮದಾಗಿ ಉಳಿಯುವುದಿಲ್ಲ. ಕ್ರ್ಯಾಶ್‌ಗಿಂತ ದೊಡ್ಡ ನಷ್ಟ ದುರಸ್ತಿಯ ಆತುರದಲ್ಲಿ ಆಗುವುದನ್ನು ಕಂಡಿದ್ದರಿಂದ, ಈ ಅರ್ಧ ಗಂಟೆಯನ್ನು ನಾನು ಎಂದೂ ಉಳಿಸಲು ಹೋಗುವುದಿಲ್ಲ.

ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನೂ ಆಗಲೇ ನಿಷ್ಕ್ರಿಯಗೊಳಿಸಿದೆ. ಇದು ಚಾಲ್ತಿಯಲ್ಲಿದ್ದಾಗ ಶಟ್‌ಡೌನ್ ಎಂದರೆ ಪೂರ್ಣ ಸ್ಥಗಿತವಲ್ಲ: ಬಳಕೆದಾರರ ಅಧಿವೇಶನ ಮಾತ್ರ ಮುಗಿಯುತ್ತದೆ, ಕರ್ನಲ್ (ವಿಂಡೋಸ್‌ನ ತಿರುಳು) ಮತ್ತು ಡ್ರೈವರ್‌ಗಳ (ಒಂದೊಂದು ಸಾಧನವನ್ನು ನಡೆಸುವ ತಂತ್ರಾಂಶಗಳ) ಸ್ಥಿತಿ ಡಿಸ್ಕಿನಲ್ಲಿ ಉಳಿದು ಮುಂದಿನ ಬಾರಿ ಹಾಗೆಯೇ ಮರಳುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ. ‘ಆಫ್ ಮಾಡಿ ಆನ್ ಮಾಡಿದೆ, ಸರಿಹೋಗಲಿಲ್ಲ’ ಎನ್ನುವವರಲ್ಲಿ ಅನೇಕರು ನಿಜವಾಗಿ ಯಂತ್ರವನ್ನು ಹೊಸದಾಗಿ ಆರಂಭಿಸಿಯೇ ಇರುವುದಿಲ್ಲ.

ನನ್ನ ತಪ್ಪು ಆಮೇಲೆ ಬಂತು. ಅಪ್‌ಡೇಟ್ ಆದ ಮೇಲೆ ತೊಂದರೆ ಶುರುವಾಗಿದೆ, ಆದ್ದರಿಂದ ಅಪ್‌ಡೇಟೇ ಕಾರಣ ಎಂದು ತೀರ್ಮಾನಿಸಿ, ಅಪ್‌ಡೇಟ್ ಇತಿಹಾಸದ ಪುಟಕ್ಕೆ ಹೋಗಿ ಅದನ್ನು ತೆಗೆದುಹಾಕಿದೆ. ಎರಡು ದಿನ ಲ್ಯಾಪ್‌ಟಾಪ್ ಒಂದು ಸಲವೂ ಕ್ರ್ಯಾಶ್ ಆಗದಿದ್ದುದರಿಂದ ಕಾರಣ ಸಿಕ್ಕಿತೆಂದೇ ನಂಬಿದೆ. ಮೂರನೆಯ ದಿನ ಮುಚ್ಚಳ ತೆರೆದಾಗ ಮತ್ತೆ ಅದೇ ಕಪ್ಪು ಪರದೆ. ಆ ಎರಡು ದಿನ ಹೇಗೆ ಕೆಲಸ ಮಾಡಿದ್ದೆ ಎಂದು ನೆನಪಿಸಿಕೊಂಡಾಗ ವಿಷಯ ಹೊಳೆಯಿತು. ಹೊರಗಿನ ದೊಡ್ಡ ಪರದೆಗೆ ಜೋಡಿಸಿ, ಚಾರ್ಜರ್ ಹಾಕಿಟ್ಟು, ಹಗಲೆಲ್ಲ ತೆರೆದೇ ಬಳಸಿ, ರಾತ್ರಿ ಶಟ್‌ಡೌನ್ ಮಾಡಿದ್ದೆ. ಯಂತ್ರ ಒಮ್ಮೆಯೂ ನಿದ್ರಾಸ್ಥಿತಿಗೆ ಹೋಗಿರಲಿಲ್ಲ. ಅಂದರೆ ನಾನು ತೊಂದರೆಯನ್ನು ಸರಿಪಡಿಸಿರಲಿಲ್ಲ, ತೊಂದರೆ ಕಾಣಿಸಿಕೊಳ್ಳುವ ಸಂದರ್ಭವೇ ಬಂದಿರಲಿಲ್ಲ. ಇದರ ಜೊತೆಗೆ, ಭದ್ರತಾ ತಿದ್ದುಪಡಿಗಳಿದ್ದ ಅಪ್‌ಡೇಟನ್ನು ಸುಮ್ಮನೆ ತೆಗೆದು, ಆ ಅವಧಿಯುದ್ದಕ್ಕೂ ಯಂತ್ರವನ್ನು ಆ ತಿದ್ದುಪಡಿಗಳ ರಕ್ಷಣೆಯಿಲ್ಲದೆ ಇಂಟರ್ನೆಟ್‌ಗೆ ಒಡ್ಡಿದ್ದೆ. ಅದನ್ನು ಅಂದೇ ಮರಳಿ ಅಳವಡಿಸಿದೆ.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟು, ಪ್ರತಿ ಕ್ರ್ಯಾಶ್‌ನ ಸಮಯ, ಬ್ಯಾಟರಿಯ ಮೇಲಿತ್ತೋ ಚಾರ್ಜರ್ ಇತ್ತೋ, ಮುಚ್ಚಳ ಎಷ್ಟು ಹೊತ್ತು ಮುಚ್ಚಿತ್ತು, ನೆಟ್‌ವರ್ಕ್ ತಂತಿಯದೋ ವೈಫೈಯೋ ಎಂಬುದನ್ನು ಬರೆಯತೊಡಗಿದೆ. ಆರು ನಮೂದುಗಳಾಗುವ ಹೊತ್ತಿಗೆ ಎರಡು ಅಂಶಗಳು ಎಲ್ಲ ಸಾಲುಗಳಲ್ಲೂ ಸಮಾನವಾಗಿದ್ದವು: ನಿದ್ರಾಸ್ಥಿತಿ ಮತ್ತು ವೈಫೈ. ಬ್ಯಾಟರಿಗೂ ಇದಕ್ಕೂ ಸಂಬಂಧವಿರಲಿಲ್ಲ.

ವಿಂಡೋಸ್‌ನಲ್ಲಿ ನಡೆದದ್ದರ ದಾಖಲೆ ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ಪ್ರತಿ ಘಟನೆಯ ಎದುರೂ ಕರ್ನಲ್-ಪವರ್ 41 ಎಂಬ ಗಂಭೀರ ದಾಖಲೆಯಿತ್ತು. ಇದನ್ನು ನೋಡಿ ಪವರ್ ಸಪ್ಲೈ ಕೆಟ್ಟಿದೆ ಎಂದು ಚಾರ್ಜರ್ ಬದಲಿಸುವವರಿದ್ದಾರೆ. ಆದರೆ 41 ಹೇಳುವುದು ಇಷ್ಟೇ, ವ್ಯವಸ್ಥೆ ಕ್ರಮಬದ್ಧವಾಗಿ ಮುಚ್ಚಿಕೊಳ್ಳದೆ ಮರುಪ್ರಾರಂಭವಾಯಿತು ಎಂದು. ಅದು ಕಾರಣವಲ್ಲ, ಪರಿಣಾಮದ ವರದಿ. ಹೆಚ್ಚು ನೆರವಾದದ್ದು ರಿಲಯಬಿಲಿಟಿ ಮಾನಿಟರ್. ದಿನವಾರು ಅಂಕಣಗಳಲ್ಲಿ ಯಾವ ದಿನ ಏನು ಅಳವಡಿಕೆಯಾಯಿತು, ಏನು ವಿಫಲವಾಯಿತು ಎಂಬುದನ್ನು ಅಕ್ಕಪಕ್ಕದಲ್ಲಿ ತೋರಿಸುವ ಈ ಸಾಧನ ವಿಂಡೋಸ್‌ನಲ್ಲಿ ವರ್ಷಗಳಿಂದ ಇದ್ದರೂ ಅದನ್ನು ತೆರೆದು ನೋಡುವವರು ಕಡಿಮೆ. ಅಪ್‌ಡೇಟ್ ಆದ ದಿನದ ಅಂಕಣದಲ್ಲಿ ಒಂದಲ್ಲ, ಎರಡು ಅಳವಡಿಕೆಗಳಿದ್ದವು. ಎರಡನೆಯದು ಲ್ಯಾಪ್‌ಟಾಪ್ ತಯಾರಕರ ಸಹಾಯಕ ತಂತ್ರಾಂಶ ತಾನಾಗಿಯೇ ನಡೆಸಿದ್ದ ಯಾವುದೋ ಬದಲಾವಣೆ.

ವೈಫೈ ಡ್ರೈವರ್ ಮೇಲೆ ಅನುಮಾನವಿದ್ದ ಮಾತ್ರಕ್ಕೆ ಅದನ್ನು ತೆಗೆಯಲು ಈ ಬಾರಿ ಮನಸ್ಸಾಗಲಿಲ್ಲ. ಒಮ್ಮೆ ಊಹೆಯನ್ನು ನಂಬಿ ಮೋಸಹೋಗಿದ್ದೆ. ಸಿಸ್ಟಂ ಪ್ರಾಪರ್ಟೀಸ್‌ನಲ್ಲಿ ಕ್ರ್ಯಾಶ್ ನಂತರ ತಾನಾಗಿ ಮರುಪ್ರಾರಂಭಿಸುವ ಆಯ್ಕೆಯನ್ನು ತೆಗೆದೆ, ಕ್ರ್ಯಾಶ್ ಆದ ಕ್ಷಣದ ಮೆಮೊರಿಯ ನಕಲನ್ನು, ಅಂದರೆ ಕರ್ನಲ್ ಮೆಮೊರಿ ಡಂಪನ್ನು, ಬರೆಯುವಂತೆ ಸೂಚಿಸಿದೆ. ಮುಂದಿನ ಕ್ರ್ಯಾಶ್‌ನಲ್ಲಿ ನೀಲಿ ಪರದೆ ನಿಂತಿತು. ಅದರ ಮೇಲಿದ್ದದ್ದು ‘ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್’, ಅಂದರೆ 9ಎಫ್ ಸಂಕೇತ.

ಈ ಸಂಕೇತದ ಅರ್ಥವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನನ್ನ ಪ್ರಕರಣದ ತಿರುಳು ಇಲ್ಲಿದೆ. ಲ್ಯಾಪ್‌ಟಾಪ್ ಮಲಗುವಾಗ ಅಥವಾ ಏಳುವಾಗ ಕರ್ನಲ್ ಪ್ರತಿಯೊಂದು ಸಾಧನದ ಡ್ರೈವರ್‌ಗೂ ಒಂದು ಪವರ್ ಕೋರಿಕೆಯನ್ನು ಕಳುಹಿಸುತ್ತದೆ; ಡ್ರೈವರ್ ತನ್ನ ಸಾಧನವನ್ನು ಸಿದ್ಧಗೊಳಿಸಿ, ಕೆಲಸ ಮುಗಿಯಿತು ಎಂದು ಆ ಕೋರಿಕೆಯನ್ನು ಹಿಂದಿರುಗಿಸಬೇಕು. ಒಂದೇ ಒಂದು ಡ್ರೈವರ್ ಉತ್ತರಿಸದೆ ಕುಳಿತರೂ ಇಡೀ ಯಂತ್ರ ಕಾಯುತ್ತದೆ, ಪರದೆ ಕಪ್ಪಾಗಿರುತ್ತದೆ, ಫ್ಯಾನ್ ತಿರುಗುತ್ತಲೇ ಇರುತ್ತದೆ. ನಿಗದಿತ ಅವಧಿ ಮೀರಿದಾಗ ಕರ್ನಲ್ ತಾನೇ ಯಂತ್ರವನ್ನು ನಿಲ್ಲಿಸುತ್ತದೆ. ನಾನು ಬೆಳಿಗ್ಗೆ ಕಂಡಿದ್ದ ಆ ಕೆಲವು ನಿಮಿಷಗಳ ನಿಶ್ಚಲತೆ ಇದೇ ಕಾಯುವಿಕೆಯಾಗಿತ್ತು.

ಡಂಪನ್ನು ಮೈಕ್ರೋಸಾಫ್ಟ್‌ನ ವಿಶ್ಲೇಷಣಾ ಸಾಧನವಾದ ವಿನ್‌ಡಿಬಿಜಿಯಲ್ಲಿ ತೆರೆದೆ. ಇದಕ್ಕೂ ಮೊದಲು ಒಂದು ಸರಳ ಸಾಧನದಲ್ಲಿ ನೋಡಿದಾಗ ಅದು ತೋರಿಸಿದ್ದು ವಿಂಡೋಸ್ ಕರ್ನಲ್‌ನ ಕಡತದ ಹೆಸರನ್ನೇ, ಮತ್ತು ಅಲ್ಲಿಗೇ ನಿಂತಿದ್ದರೆ ನಾನು ಮತ್ತೆ ಅಪ್‌ಡೇಟನ್ನೇ ದೂರುತ್ತಿದ್ದೆ. ಯಂತ್ರವನ್ನು ನಿಲ್ಲಿಸುವ ನಿರ್ಧಾರ ಕರ್ನಲ್‌ನದಾದ್ದರಿಂದ ಅದರ ಹೆಸರು ಬಹುತೇಕ ಡಂಪ್‌ಗಳಲ್ಲಿ ಇದ್ದೇ ಇರುತ್ತದೆ. ಬೆಂಕಿಯ ಗಂಟೆ ಬಾರಿಸಿದವನೇ ಬೆಂಕಿ ಹಚ್ಚಿದವನಲ್ಲ. ವಿನ್‌ಡಿಬಿಜಿಯ ವಿಶ್ಲೇಷಣೆಯಲ್ಲಿ ಸಂಕೇತದ ಜೊತೆ ಬರುವ ಮೌಲ್ಯಗಳಲ್ಲಿ, ಅಂದರೆ ನಿಯತಾಂಕಗಳಲ್ಲಿ, ಮೊದಲನೆಯದು 3 ಎಂದಿತ್ತು, ಅಂದರೆ ಯಾವುದೋ ಸಾಧನ ಕೋರಿಕೆಯೊಂದನ್ನು ಬಹಳ ಹೊತ್ತು ತಡೆಹಿಡಿದಿದೆ. ನಾಲ್ಕನೆಯ ನಿಯತಾಂಕ ಆ ಕೋರಿಕೆಯ ವಿಳಾಸ. ಅದನ್ನು ತೆರೆದಾಗ ಕೋರಿಕೆ ನಿಂತಿದ್ದ ಜಾಗ ಕಂಡಿತು: ವೈಫೈ ಚಿಪ್‌ನ ಡ್ರೈವರ್.

ಉಳಿದದ್ದು ದಿನಾಂಕದ ಪ್ರಶ್ನೆ. ವಿಂಡೋಸ್ ಕಡತಕೋಶದೊಳಗಿನ ಐಎನ್‌ಎಫ್ ಕಡತಕೋಶದಲ್ಲಿರುವ ಸೆಟಪ್‌ಎಪಿಐ ಡೆವ್ ಲಾಗ್‌ನಲ್ಲಿ ಸಾಧನಗಳ ಅಳವಡಿಕೆ ಸೆಕೆಂಡಿನ ಸಮೇತ ದಾಖಲಾಗಿರುತ್ತದೆ. ಮಾಸಿಕ ಅಪ್‌ಡೇಟ್ ಮುಗಿದು ಯಂತ್ರ ಮರುಪ್ರಾರಂಭವಾದ 11 ನಿಮಿಷಗಳ ನಂತರ ತಯಾರಕರ ಸಹಾಯಕ ತಂತ್ರಾಂಶ ವೈಫೈ ಡ್ರೈವರ್‌ನ ಹೊಸ ಆವೃತ್ತಿಯನ್ನು ಹಾಕಿತ್ತು. ಎರಡು ಬದಲಾವಣೆಗಳು ಒಂದೇ ರಾತ್ರಿ ಆಗಿದ್ದವು, ನನಗೆ ಗೊತ್ತಿದ್ದದ್ದು ಒಂದು. ಅಪ್‌ಡೇಟನ್ನು ತೆಗೆದಾಗ ಈ ಡ್ರೈವರ್ ತನ್ನ ಜಾಗದಲ್ಲೇ ಉಳಿದಿತ್ತು. 2024ರ ಜುಲೈ 19ರಂದು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಹೋದಾಗಲೂ ಅನೇಕರು ಮೊದಲು ವಿಂಡೋಸ್ ಅಪ್‌ಡೇಟನ್ನೇ ಶಂಕಿಸಿದ್ದರು. ಕಾರಣ ಕರ್ನಲ್ ಮಟ್ಟದಲ್ಲಿ ಕೆಲಸ ಮಾಡುವ ಹೊರಗಿನ ಭದ್ರತಾ ತಂತ್ರಾಂಶವೊಂದರ ದೋಷಯುಕ್ತ ಕಡತವಾಗಿತ್ತು.

ಡಿವೈಸ್ ಮ್ಯಾನೇಜರ್‌ನಲ್ಲಿ ಹಿಂದಿನ ಆವೃತ್ತಿಗೆ ಮರಳಿಸುವ ರೋಲ್ ಬ್ಯಾಕ್ ಗುಂಡಿ ಮಂಕಾಗಿತ್ತು. ಆದರೆ ಡ್ರೈವರನ್ನು ಕಂಪ್ಯೂಟರಿನಲ್ಲೇ ಇರುವ ಪಟ್ಟಿಯಿಂದ ಆರಿಸುವ ಮಾರ್ಗದಲ್ಲಿ ಹಳೆಯ ಆವೃತ್ತಿ ಇನ್ನೂ ಲಭ್ಯವಿತ್ತು. ಅದನ್ನು ಆರಿಸಿ, ಸಹಾಯಕ ತಂತ್ರಾಂಶದ ಸ್ವಯಂಚಾಲಿತ ಅಳವಡಿಕೆಯನ್ನು ನಿಲ್ಲಿಸಿದೆ. ಬಳಿಕ ಮುಚ್ಚಳವನ್ನು 20 ಬಾರಿ ಮುಚ್ಚಿ ತೆರೆದೆ, ಕೆಲವೊಮ್ಮೆ ಎರಡು ನಿಮಿಷ, ಕೆಲವೊಮ್ಮೆ ಒಂದು ಗಂಟೆ, ಒಂದು ಇಡೀ ರಾತ್ರಿ. ಎಲ್ಲ ಸಲವೂ ಯಂತ್ರ ಸರಿಯಾಗಿ ಎಚ್ಚೆತ್ತಿತು. ಇಷ್ಟಾದರೂ ಹಿಂದಿನ ಎರಡು ದಿನಗಳ ಸುಳ್ಳು ನೆಮ್ಮದಿ ನೆನಪಿದ್ದುದರಿಂದ, ಕಡತಗಳನ್ನು ಮುಚ್ಚಿಟ್ಟು ಹೊಸ ಡ್ರೈವರನ್ನು ಬೇಕೆಂದೇ ಮತ್ತೆ ಹಾಕಿದೆ. ಮೂರನೆಯ ನಿದ್ರೆಯಲ್ಲೇ 9ಎಫ್ ಬಂತು. ಮತ್ತೆ ಹಳೆಯದಕ್ಕೆ ಮರಳಿದೆ. ಕಾರಣವನ್ನು ತೆಗೆದಾಗ ತೊಂದರೆ ಹೋಗಿ, ಮರಳಿ ಇಟ್ಟಾಗ ತೊಂದರೆ ಬಂದ ಮೇಲೆಯೇ ನನಗೆ ಖಾತ್ರಿಯಾದದ್ದು.

ವಿಂಡೋಸ್‌ನ ಕಡತಗಳನ್ನು ಪರೀಕ್ಷಿಸಿ ಸರಿಪಡಿಸುವ ಡಿಐಎಸ್‌ಎಂ, ಅದರ ಬಳಿಕ ಎಸ್‌ಎಫ್‌ಸಿ, ಮೆಮೊರಿ ಪರೀಕ್ಷೆ ಇವುಗಳನ್ನೂ ನಡೆಸಿದ್ದೆ. ಯಾವುದರಲ್ಲೂ ದೋಷ ಸಿಗಲಿಲ್ಲ. ಪ್ರತಿ ಬಾರಿ ಬೇರೆ ಬೇರೆ ಸಂಕೇತ ಬರುತ್ತಿದ್ದರೆ ಮೆಮೊರಿ ಪರೀಕ್ಷೆಯಿಂದಲೇ ಆರಂಭಿಸುತ್ತಿದ್ದೆ. ಡ್ರೈವರ್‌ಗಳನ್ನು ಒತ್ತಡಕ್ಕೆ ಒಡ್ಡಿ ಪರೀಕ್ಷಿಸುವ ಡ್ರೈವರ್ ವೆರಿಫೈಯರ್ ಅನ್ನು ಮಾತ್ರ ಉದ್ದೇಶಪೂರ್ವಕವಾಗಿ ಬಿಟ್ಟೆ, ಏಕೆಂದರೆ ಅದು ಬೂಟ್ ಆಗುವಾಗಲೇ ಕ್ರ್ಯಾಶ್ ಮಾಡಿಸಿ ಸೇಫ್ ಮೋಡ್ ಇಲ್ಲದೆ ಹೊರಬರಲಾಗದ ಸ್ಥಿತಿಗೆ ತರಬಲ್ಲದು. ಡಂಪ್ ಸಿಗುತ್ತಿರುವಾಗ ಆ ಅಪಾಯ ಅನಗತ್ಯ.

ಡಂಪ್ ಕಡತವನ್ನೂ ನೋಟ್‌ಬುಕ್ಕಿನ ನಮೂದುಗಳನ್ನೂ ತಯಾರಕರ ಬೆಂಬಲ ವಿಭಾಗಕ್ಕೆ ಕಳುಹಿಸಿದೆ. ಉತ್ತರವಾಗಿ ಮೊದಲು ಬಂದದ್ದು ವಿಂಡೋಸನ್ನು ಪೂರ್ತಿಯಾಗಿ ಮರುಸ್ಥಾಪಿಸಿ ಎಂಬ ಸಲಹೆ, ನಾನು ಒಪ್ಪಲಿಲ್ಲ. ಮರುಸ್ಥಾಪನೆಯ ನಂತರ ಅದೇ ಸಹಾಯಕ ತಂತ್ರಾಂಶ ಅದೇ ಡ್ರೈವರನ್ನು ಮತ್ತೆ ತಂದು ಹಾಕುತ್ತಿತ್ತು. ಕೆಲವು ವಾರಗಳ ಬಳಿಕ ಅವರ ತಾಣದಲ್ಲಿ ಇನ್ನೂ ಹೊಸ ಆವೃತ್ತಿ ಕಾಣಿಸಿತು. ಬೇಕಾದರೆ ಹಿಂದಿನ ಸ್ಥಿತಿಗೆ ಮರಳಲು ರಿಸ್ಟೋರ್ ಪಾಯಿಂಟ್ ಮಾಡಿಕೊಂಡು ಅದೊಂದನ್ನೇ ಅಳವಡಿಸಿ, ಮತ್ತೆ 20 ಸಲ ಮುಚ್ಚಿ ತೆರೆದು, ಹತ್ತು ರಾತ್ರಿ ನಿದ್ರಾಸ್ಥಿತಿಯಲ್ಲಿ ಬಿಟ್ಟೆ. ನೋಟ್‌ಬುಕ್ಕಿನ ಆ ಪುಟದಲ್ಲಿ ಅಂದಿನಿಂದ ಹೊಸ ಸಾಲು ಸೇರಿಲ್ಲ.