ಮಲೆನಾಡಿನ ಮಳೇಲಿ ಸೂಜಿ ಮೆಣಸಿನ ಗಿಡ ಉಳಿಸ್ಕೊಳ್ಳೋದು

ನಮ್ಮ ಮೂಡಿಗೆರೆ ಕಡೆ ಸೂಜಿ ಮೆಣಸನ್ನ, ಅಂದ್ರೆ ಪುಟ್ಟ ಖಾರದ ಮೆಣಸಿನಕಾಯಿನ, ಹೆಚ್ಚಿನವರು ನೆಡೋದೇ ಇಲ್ಲ, ಕಾಫಿ ಗಿಡದ ಬುಡದಲ್ಲೋ ಬೇಲಿ ಸಾಲಲ್ಲೋ ಅದಾಗೇ ಹುಟ್ಕೊಳ್ಳುತ್ತೆ, ಪಿಕಳಾರ ಹಣ್ಣು ತಿಂದು ಎಲ್ಲಿ ಕೂತು ಹಿಕ್ಕೆ ಹಾಕುತ್ತೋ ಅಲ್ಲಿ. ಹಕ್ಕಿಗಳಿಗೆ ಖಾರ ತಟ್ಟಲ್ಲ, ನಮ್ಮ ಬಾಯಿ ಸುಡೋ ಕ್ಯಾಪ್ಸೈಸಿನ್ ಅವಕ್ಕೆ ಲೆಕ್ಕಕ್ಕೇ ಇಲ್ಲ, ಬೀಜ ಅಗಿಯೋದೂ ಇಲ್ಲ. ಆದ್ರೆ ಅದೇ ಗಿಡಾನ ಆಸೆಪಟ್ಟು ಅಂಗಳದಲ್ಲಿ ಬೆಳೆಸಕ್ಕೆ ಹೋದ್ರೆ ಒಂದೇ ಮಳೆಗಾಲಕ್ಕೆ ಹೋಗ್ಬಿಡುತ್ತೆ. ನಾನು ಎರಡು ವರ್ಷ ಜೂನ್‌ನಲ್ಲಿ ನೆಟ್ಟು ಎರಡೂ ವರ್ಷ ಕಳ್ಕೊಂಡೆ, ಆಮೇಲೆ ಬೇಲಿ ಗಿಡ ನೋಡಿ ಅರ್ಥ ಆಯ್ತು, ಅದು ನಿಂತಿರೋದು ಇಳಿಜಾರಲ್ಲಿ, ಬುಡದಲ್ಲಿ ಒಂದು ಹನಿ ನೀರೂ ನಿಲ್ಲಲ್ಲ. ಇಲ್ಲಿ ಮೆಣಸಿನ ಗಿಡ ಬಾಯಾರಿಕೆಯಿಂದ ಸಾಯೋದಕ್ಕಿಂತ ಬೇರು ಕೊಳೆತು ಸಾಯೋದೇ ಜಾಸ್ತಿ.

ಬೀಜಕ್ಕೆ ಗಿಡದಲ್ಲೇ ಪೂರ್ತಿ ಕೆಂಪಾದ ಹಣ್ಣು ತಗೊಳ್ಳಿ, ಬೀಜ ಬಿಡಿಸಿ ನೆರಳಲ್ಲಿ ಒಣಗಿಸಿ. ಬಿತ್ತೋಕೆ ಆಗಸ್ಟ್ ಕೊನೆ ಒಳ್ಳೇದು, ಸಸಿ ರೆಡಿ ಆಗೋ ಹೊತ್ತಿಗೆ ಜೋರು ಮಳೆ ಕಮ್ಮಿ ಆಗಿರುತ್ತೆ. ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ನೆನೆಹಾಕಿ ಬೆಳಿಗ್ಗೆ ಟ್ರೇಲಿ ಅರ್ಧ ಸೆಂಟಿಮೀಟರ್ ಆಳಕ್ಕೆ ಬಿತ್ತಿ, ಸೂರಿನ ಕೆಳಗೆ ಇಡಿ. ಮಾಮೂಲಿ ಮೆಣಸಿನಕಾಯಿ ಹತ್ತು ದಿನದೊಳಗೆ ಹುಟ್ಟುತ್ತೆ, ಇದು ಎರಡು ಮೂರು ವಾರ ತಗೊಳ್ಳುತ್ತೆ, ಒಮ್ಮೊಮ್ಮೆ ಇನ್ನೂ ಜಾಸ್ತಿ, ಅದಕ್ಕೇ ಹುಟ್ಟಲಿಲ್ಲ ಅಂತ ಟ್ರೇ ಸುರಿದುಬಿಡ್ಬೇಡಿ. ಸಸಿ ಎದ್ದ ಮೇಲೆ ನೀರು ಜಾಸ್ತಿ ಆದ್ರೆ ಕತ್ತು ಮುರಿದ ಹಾಗೆ ಬುಡದಲ್ಲೇ ಕೊಳೆತು ಮಲಗುತ್ತವೆ, ಮಣ್ಣಿನ ಮೇಲ್ಪದರ ಒಣಗಿದ ಮೇಲೇ ನೀರು ಹಾಕಿ.

ನಾಲ್ಕೈದು ಇಂಚು ಬೆಳೆದ್ಮೇಲೆ ನಾಟಿ. ಕುಂಡ ಆದ್ರೆ ಹನ್ನೆರಡು ಇಂಚಿಗೆ ಕಮ್ಮಿ ಬೇಡ, ತಳದಲ್ಲಿ ತೂತು ನಾಲ್ಕಾದ್ರೂ ಇರ್ಲಿ. ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮರಳು ಸಮಸಮ ಹಾಕಿ. ನೆಲದಲ್ಲಾದ್ರೆ ಒಂದಡಿ ಎತ್ತರದ ಏರುಮಡಿ ಮಾಡಿ ಗಿಡದಿಂದ ಗಿಡಕ್ಕೆ ಎರಡಡಿ ಬಿಡಿ. ನಮ್ಮ ಮಳೆ ಸೀಮೆ ಮಣ್ಣು ಹುಳಿ, ನೆಡೋಕೆ ಎರಡು ಮೂರು ವಾರ ಮುಂಚೆ ಒಂಚೂರು ಕೃಷಿ ಸುಣ್ಣ ಬೆರೆಸಿ. ಬಿಸಿಲು ದಿನಕ್ಕೆ ಐದಾರು ಗಂಟೆ ಬೇಕು, ಕಾಫಿ ನೆರಳಲ್ಲಿ ಗಿಡವೇನೋ ಬದುಕುತ್ತೆ ಆದ್ರೆ ಕಾಯಿ ಕಮ್ಮಿ. ಯೂರಿಯಾ ಮುಟ್ಟಲೇಬೇಡಿ, ಎಲೆ ಹಸಿರಾಗಿ ಸೊಕ್ಕಿ ಬೆಳೆಯುತ್ತೆ, ಹೂವು ಉದುರುತ್ತೆ.

ಹಾಸನದ ಕಡೆಯವರಿಗೆ ಒಂದು ಮಾತು, ಆಲೂಗಡ್ಡೆ, ಟೊಮೇಟೊ, ಬದನೆ ಹಾಕಿದ್ದ ಜಾಗಕ್ಕೆ ಇದನ್ನ ಹಾಕ್ಬೇಡಿ, ಎಲ್ಲಾ ಒಂದೇ ಕುಟುಂಬ, ಸೊರಗು ರೋಗ ಮಣ್ಣಲ್ಲೇ ಉಳಿದಿರುತ್ತೆ. ಹಸಿರಾಗಿದ್ದ ಗಿಡ ಇದ್ದಕ್ಕಿದ್ದಂಗೆ ಬಾಡಿದ್ರೆ ಬುಡದ ಕಾಂಡ ಕತ್ತರಿಸಿ ತುದೀನ ಒಂದು ಲೋಟ ತಿಳಿನೀರಲ್ಲಿ ಇಳಿಬಿಡಿ, ಸ್ವಲ್ಪ ಹೊತ್ತಲ್ಲಿ ಹಾಲಿನಂಥ ಎಳೆ ಇಳಿದು ಬಂದ್ರೆ ಅದು ಬ್ಯಾಕ್ಟೀರಿಯಾ ಸೊರಗು, ಔಷಧಿಗೆ ದುಡ್ಡು ಹಾಕದೆ ಗಿಡ ಕಿತ್ತು ಸುಟ್ಟುಬಿಡಿ.

ಎಲೆ ಮುರುಟಿದ್ರೆ ಎಲ್ಲಾರೂ ವೈರಸ್ ಅಂತಾರೆ, ಸ್ವಲ್ಪ ಗಮನ ಇಟ್ಟು ನೋಡಿ. ಎಲೆ ಅಂಚು ಮೇಲಕ್ಕೆ ದೋಣಿ ಥರ ಮಡಚಿದ್ರೆ ಸಾಮಾನ್ಯವಾಗಿ ಥ್ರಿಪ್ಸ್ ಅನ್ನೋ ರಸ ಹೀರೋ ಸಣ್ಣ ಕೀಟ, ಕೆಳಕ್ಕೆ ಬಾಗಿ ತೊಟ್ಟು ಉದ್ದ ಆದ್ರೆ ಮೈಟ್ ನುಸಿ. ಒಂದು ಲೀಟರ್ ನೀರಿಗೆ ಐದು ಎಂಎಲ್ ಬೇವಿನೆಣ್ಣೆ, ಒಂದೆರಡು ಹನಿ ಸೋಪು ನೀರು ಕಲಸಿ ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೆ ಸಿಂಪಡಿಸಿ, ವಾರಕ್ಕೊಮ್ಮೆ ಮೂರು ಸಲ. ನುಸಿ ಜಾಸ್ತಿ ಇದ್ರೆ ನೀರಲ್ಲಿ ಕರಗೋ ಗಂಧಕ ಬೇಕಾಗುತ್ತೆ, ಆದ್ರೆ ಎಣ್ಣೆ ಹೊಡೆದ ಎರಡು ವಾರದೊಳಗೆ ಹೊಡೀಬೇಡಿ, ಎಲೆ ಸುಡುತ್ತೆ. ಮಳೆಗಾಲದ ಕಾಯಿ ಕೊಳೆಗೆ ತೋಟಕ್ಕೆ ಮಾಡೋ ಶೇಕಡ 1ರ ಬೋರ್ಡೋ ದ್ರಾವಣನೇ (ಮೈಲುತುತ್ತ, ಸುಣ್ಣ ಕಲಸಿದ್ದು) ಸಾಕು, ಮಳೆ ಹಿಡಿಯೋಕೆ ಮುಂಚೆ ಒಂದು ಸಲ ಹೊಡೀರಿ, ಆಮೇಲೆ ಕಾಯಿ ಕುಯ್ದಾಗ ಚೆನ್ನಾಗಿ ತೊಳೆದು ಬಳಸಿ.

ಕಾಯಿ ಆಕಾಶ ನೋಡ್ಕೊಂಡು ನಿಲ್ಲುತ್ತೆ, ನೋಡೋಕೇ ಖುಷಿ. ಕುಯ್ಯೋವಾಗ ಕೈಗೆ ಎಣ್ಣೆ ಸವರ್ಕೊಳ್ಳಿ, ಉರಿ ಹತ್ತಿದ್ರೆ ಬರೀ ನೀರಲ್ಲಿ ತೊಳೆದ್ರೆ ಹೋಗಲ್ಲ, ಎಣ್ಣೆ ಹಚ್ಚಿ ಸೋಪಲ್ಲಿ ತೊಳೀರಿ. ಖಾರ ಇರೋದು ಬೀಜದಲ್ಲಿ ಅಲ್ಲ, ಬೀಜ ಅಂಟ್ಕೊಂಡಿರೋ ಬಿಳಿ ತಿರುಳಲ್ಲಿ. ಜಾಸ್ತಿ ಆದ್ರೆ ಉಪ್ಪು, ನಿಂಬೆರಸದಲ್ಲಿ ಬಾಟಲಿ ತುಂಬಿಡಿ, ಗಂಜಿ ಊಟಕ್ಕೆ ಎರಡು ಸಾಕು. ಈ ಗಿಡ ಮೂರ್ನಾಲ್ಕು ವರ್ಷ ಬಾಳುತ್ತೆ, ಫಸಲು ಮುಗಿದ್ಮೇಲೆ ಫೆಬ್ರವರಿ ಹೊತ್ತಿಗೆ ಅರ್ಧಕ್ಕೆ ಸವರಿ ಗೊಬ್ಬರ ಕೊಡಿ. ಮೇಲಿನ ಟೊಂಗೆ ಹಣ್ಣು ಮಾತ್ರ ಕುಯ್ಯದೆ ಪಿಕಳಾರಕ್ಕೆ ಬಿಡಿ, ನಮ್ಮ ಬೇಲಿ ಪೂರ್ತಿ ಗಿಡ ಆಗಿದ್ದು ಹಾಗೇನೆ.