ಹೂ ಬಿಡುವ ಮೊದಲೇ ಸೆನ್ನಾ ಗುರುತಿಸಿದ್ದು: ನನ್ನ ಅನುಭವ

ಬಂಡೀಪುರ ಕಾಡಿನಂಚಿನ ನಮ್ಮ ಊರಿನ ಗೋಮಾಳದಲ್ಲಿ ಹೊರದೇಶದಿಂದ ಬಂದು ಕಾಡನ್ನು ಆವರಿಸುತ್ತಿರುವ ಸೆನ್ನಾ ಸ್ಪೆಕ್ಟಾಬಿಲಿಸ್ ಮರದ ಸಸಿಗಳನ್ನು ಎಲೆ ನೋಡಿಯೇ ಬೇರ್ಪಡಿಸಬಹುದು ಎಂದು ನಾನು ಹೇಳಿದಾಗ ನಂಬಿದವರು ಕಡಿಮೆ. ಹಳದಿ ಹೂ ಬಂದ ಮೇಲೆ ಗುರುತು ಹಾಕಿದರೆ ಸಾಕು ಎಂಬುದೇ ಎಲ್ಲರ ವಾದವಾಗಿತ್ತು. ಆದರೆ ಮಳೆಗಾಲದ ಕೊನೆಗೆ ಇದು ಅರಳುವ ಹೊತ್ತಿಗೆ ನೋಡಲು ಹಾಗೇ ಇರುವ ಸೀಮೆ ತಂಗಡಿ ಮರವೂ ಹಳದಿಯಾಗಿರುತ್ತದೆ. ನೆಲ ಹಸಿಯಾಗಿದ್ದು ಸಸಿಗಳು ಬೇರುಸಮೇತ ಕಿತ್ತುಬರುವ ದಿನಗಳೂ ಅಷ್ಟರಲ್ಲಿ ಕಳೆದುಹೋಗಿರುತ್ತವೆ.

ಸೆನ್ನಾ ತೆಗೆಸುವ ಹಿಂದಿನ ಪ್ರಯತ್ನಗಳಿಗೆ ಸುರಿದ ಹಣ ಕಡಿಮೆಯೇನಲ್ಲ. ಮರವೊಂದಕ್ಕೆ ಇಷ್ಟು ಎಂದು ಗುತ್ತಿಗೆ ಕೊಟ್ಟ ವರ್ಷ, ಲೆಕ್ಕ ಹೆಚ್ಚಲೆಂದು ನಮ್ಮ ಕಕ್ಕೆ ಮರಗಳಿಗೂ ಕೊಡಲಿ ಬಿತ್ತು. ಕಡಿದ ಸೆನ್ನಾ ಬುಡಗಳಾದರೋ ಮುಂದಿನ ಮಳೆಗೆ ಒಂದಕ್ಕೆ ಹತ್ತಾಗಿ ಚಿಗುರಿದವು. ಹದಿನೆಂಟು ಸಾವಿರದಷ್ಟು ರೂಪಾಯಿ ಹೀಗೆ ಹೋಯಿತು. ಮೊಬೈಲ್ ಆ್ಯಪ್ ಹೂವಿನ ಚಿತ್ರಕ್ಕೆ ಸರಿಯಾದ ಹೆಸರು ಕೊಟ್ಟರೂ ಮೊಣಕಾಲೆತ್ತರದ ಸಸಿಗೆ ಪ್ರತಿಸಲವೂ ಬೇರೆ ಹೆಸರು ಹೇಳುತ್ತಿತ್ತು.

ಕೊನೆಗೆ ಕೈಹಿಡಿದದ್ದು ಎಲೆಯ ದಂಟಿನ ಎರಡೂ ಬದಿಗೆ ಜೋಡಿಜೋಡಿಯಾಗಿರುವ ಕಿರುಎಲೆಯ ತುದಿ. ಕಕ್ಕೆಯಲ್ಲಿ ಕಿರುಎಲೆಗಳು ಅಗಲವಾಗಿದ್ದು ಜೋಡಿಗಳು ಕೆಲವೇ ಇರುವುದರಿಂದ ಅದು ದೂರದಿಂದಲೇ ತಿಳಿಯುತ್ತದೆ. ತೊಡಕಿರುವುದು ಸೀಮೆ ತಂಗಡಿಯೊಂದಿಗೆ: ಅದರ ತುದಿ ಮೊಂಡಾಗಿದ್ದು ನಡುವೆ ಸಣ್ಣ ಕಚ್ಚು ಕಾಣುತ್ತದೆ, ಸೆನ್ನಾದ ತುದಿ ಚೂಪಾಗಿ ಮುಗಿಯುತ್ತದೆ. ಎಲೆಯನ್ನು ಮಗುಚಿ ಹೆಬ್ಬೆರಳಿನಿಂದ ಸವರಿದರೆ ಸೆನ್ನಾದ ಅಡಿಭಾಗದಲ್ಲಿ ನವಿರಾದ ರೋಮ ತಾಕುತ್ತದೆ. ಕಾಯಿ ಸಿಕ್ಕರೆ ಅನುಮಾನವೇ ಉಳಿಯುವುದಿಲ್ಲ. ಸೀಮೆ ತಂಗಡಿಯದು ಚಪ್ಪಟೆ, ಸೆನ್ನಾದ್ದು ಕೋಲಿನಂತೆ ದುಂಡು. ಎರಡೆಲೆಯ ಮೊಳಕೆಯನ್ನು ಗುರುತಿಸಲು ನನ್ನದೇ ಒಂದು ಉಪಾಯವಿದೆ. ಇನ್ನೊಂದು ಮಳೆಗಾಲ ಪರೀಕ್ಷಿಸದೆ ಅದನ್ನು ಹೊರಗೆ ಹೇಳುವುದಿಲ್ಲ.

ಈ ನಡುವೆ ಸೆನ್ನಾದ ಬೀಜಗಳನ್ನೂ ಪರೀಕ್ಷಿಸಿದೆ. ಬಿಸಿನೀರಿನಲ್ಲಿ ನೆನೆಸಿದ ಹಿಡಿ ಬೀಜದಲ್ಲಿ ಅರ್ಧಕ್ಕಿಂತ ಹೆಚ್ಚು ಬೇಗನೆ ಮೊಳೆತವು. ನೆನೆಸದೆ ಬಿತ್ತಿದವುಗಳಲ್ಲಿ ಬಹುಪಾಲು ಗಟ್ಟಿ ಸಿಪ್ಪೆಯೊಳಗೇ ಉಳಿದವು. ಅಂಥ ಬೀಜ ಮಣ್ಣಲ್ಲಿದ್ದು ಮುಂದೆ ಮೊಳೆಯಬಹುದಾದ್ದರಿಂದ ಒಮ್ಮೆ ಕಿತ್ತ ಜಾಗಕ್ಕೆ ಪ್ರತಿ ಮಳೆಗಾಲವೂ ಮರಳಿ ಹೋಗಲೇಬೇಕು.

ಈಗ ಲೆಕ್ಕದ ಗುತ್ತಿಗೆ ಬಿಟ್ಟು ದಿನಗೂಲಿ ಕೊಡುತ್ತೇನೆ. ಕೀಳುವ ಮೊದಲು ಪ್ರತಿಯೊಬ್ಬರೂ ಮೂರೂ ಗಿಡಗಳ ಎಲೆಗಳನ್ನು ಕೈಯಲ್ಲಿ ಹಿಡಿದು ನನಗೆ ವ್ಯತ್ಯಾಸ ತೋರಿಸಬೇಕು. ಕಳೆದ ಮಳೆಗಾಲದಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಸಸಿಗಳನ್ನು ಕಿತ್ತೆವು. ರಾಶಿಯನ್ನು ನಾನೇ ಕೆದಕಿ ನೋಡಿದಾಗ ಒಂದೂ ಕಕ್ಕೆ ಸಿಗಲಿಲ್ಲ. ಕೂಲಿ ಮತ್ತು ಊಟ ಸೇರಿ ಒಂಬತ್ತು ಸಾವಿರದ ಆಸುಪಾಸು ಖರ್ಚಾಯಿತು. ಅಂದು ವಾದಿಸಿದ್ದ ಹಿರಿಯರೊಬ್ಬರು ಈ ಸಲ ತಮ್ಮ ಹೊಲದ ಬದುವನ್ನು ನೋಡಿಕೊಡುವಂತೆ ಕೇಳಿದ್ದಾರೆ.